ಅಂಗಿಗೆ ಬಿದ್ದ ನಕ್ಷತ್ರಗಳು

ಕಾಟನ್ ಬ್ಲಫ್, ಅಲಬಾಮಾ
ಶುಕ್ರವಾರ

ಫುಟ್‌ಬಾಲ್ ಶ್ರೇಯಾಂಕ ಪಟ್ಟಿಯ ಸಂಪಾದಕರಿಗೆ,

ನಮ್ಮ ಪ್ರೌಢಶಾಲೆಯ ಟೈರೆಲ್ ಬೋಗನ್‌ಗೆ ಆಟದ ಯೋಗ್ಯತೆಗೆಂದು ತಾವು ಪಟ್ಟಿಯಲ್ಲಿ ದಯಪಾಲಿಸಿರುವ ನಾಲ್ಕು ನಕ್ಷತ್ರಗಳು ಲೀಮನ್ ಡೋಜಿಯರ್‌ಗೆ ಸೇರತಕ್ಕವು. ತಮ್ಮ ತಜ್ಞರು ವಿಡಿಯೊದಲ್ಲಿ ನೋಡಿ ಮೆಚ್ಚಿದ ಪಂದ್ಯದಲ್ಲಿ ಲೀಮನ್‌ನ ಅಂಗಿ ಹರಿದುಹೋದಾಗ, ಕಾಲು ಉಳುಕಿ ಹೊರಗೆ ಕುಳಿತಿದ್ದ ಟೈರೆಲ್ ತನ್ನ ಇಪ್ಪತ್ತೆರಡನೆಯ ಸಂಖ್ಯೆಯ ಅಂಗಿಯನ್ನು ಅವನಿಗೆ ಬಿಚ್ಚಿಕೊಟ್ಟಿದ್ದ. ತಜ್ಞರು ಸಂಖ್ಯೆಯನ್ನಷ್ಟೇ ಓದಿದರು.

ದೂರವಾಣಿಯಲ್ಲಿ ಇದನ್ನು ತಿಳಿಸಿದಾಗ ಆ ತಜ್ಞರು, "ಕೋಚ್ ಸಾಹೇಬ್ರೇ, ನಕ್ಷತ್ರ ಕೊಟ್ಟಾಯ್ತು, ಅದನ್ನ ನೋಡಿ ವಿಶ್ವವಿದ್ಯಾಲಯದೋರು ಸೀಟೂ ಕೊಟ್ಟಾಯ್ತು. ನಮ್ ಪಟ್ಟಿ ಸುಳ್ಳಾಗಲ್ಲ. ಬೇಕಾದ್ರೆ ನೀವೇ ಹುಡುಗನ್ನ ಸರಿಮಾಡ್ಕೊಳ್ಳಿ" ಎಂದರು.

ಪಟ್ಟಿ ಸುಳ್ಳಾಗದಿರುವ ಗುಟ್ಟನ್ನು ನಾನು ಬಲ್ಲೆ. ನಕ್ಷತ್ರವುಳ್ಳವನು ಚೆಂಡನ್ನು ಹಿಡಿದು ಓಡುವಾಗ ಮೂರು ಬಾರಿ ಕೈಬಿಟ್ಟರೂ ನಾಲ್ಕನೆಯ ಬಾರಿ ಅವನ ಕೈಗೇ ಕೊಡುತ್ತಾರೆ. ಇಲ್ಲದವನಿಗೆ ಚೆಂಡನ್ನು ಮುಟ್ಟಲೂ ಬಿಡುವುದಿಲ್ಲ. ಅನಂತರ ತಾವು ಭವಿಷ್ಯ ನಿಜವಾಯಿತೆಂದು ಬೀಗುತ್ತೀರಿ. ಇದು ವಿದ್ಯೆಯಾದರೆ, ಗಡಿಯಾರದ ಮುಳ್ಳನ್ನು ಬೆರಳಿನಿಂದ ತಿರುಗಿಸಿ ಹೊತ್ತು ಹೇಳುವುದೂ ವಿದ್ಯೆಯೇ.

ಬರುವ ಬುಧವಾರ ಆಟಗಾರರು ವಿಶ್ವವಿದ್ಯಾಲಯಗಳ ಒಪ್ಪಂದಕ್ಕೆ ಸಹಿ ಹಾಕುವ ದಿನ. ಲೀಮನ್‌ನನ್ನು ಈವರೆಗೆ ಯಾರೂ ಕರೆದಿಲ್ಲ. ಅಷ್ಟರೊಳಗಾಗಿ ಹೆಸರನ್ನು ತಿದ್ದಬೇಕೆಂದು ಕೋರುತ್ತೇನೆ.

ನಿನ್ನೆ ಟೈರೆಲ್‌ನನ್ನು ಪರೀಕ್ಷಿಸಲೆಂದೇ, "ನೀನು ಸುಮ್ನಿದ್ಬಿಟ್ರೆ ಯಾರಿಗ್ ಗೊತ್ತಾಗುತ್ತೋ?" ಎಂದು ಕೇಳಿದೆ.

"ಅಲ್ಲಿಗ್ ಹೋದ್ಮೇಲೆ ಓಡು ಅಂತಾರಲ್ಲ ಕೋಚ್" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅವನ್ ಜಾಗ ಅದು" ಎಂದ.

ಈ ಪತ್ರಕ್ಕೆ ಅವನೂ ಸಹಿ ಹಾಕಿದ್ದಾನೆ. ಬುಧವಾರದ ಒಪ್ಪಂದಕ್ಕೆ ಹಾಕುವುದಿಲ್ಲವಂತೆ.

ಇಂತು,
ಆಲ್ಟನ್ ಗ್ರಿಸೆಟ್, ತರಬೇತುದಾರ
ಟೈರೆಲ್ ಬೋಗನ್