ಬಲಗೈಯ ಉಗುರು

ಮನೆಯಿಂದ, ಸೋಮವಾರ ಸಂಜೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯುವ ಅಭ್ಯಾಸ ನನಗಿಲ್ಲ, ನಿನಗೆ ಗೊತ್ತು. ಹೇಗಿದ್ದೀಯಮ್ಮಾ? ನಿದ್ದೆ ಬರುತ್ತಿದೆಯೇ? ಅಣ್ಣನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತಿದ್ದೀಯೇ? ನಾನು ಇದ್ದೇನೆ. ನನ್ನ ಮಗ ತೀರಿಹೋದ ಮೇಲೆ ಅಳು ಬರುತ್ತದೆಂದು ಕಾದೆ, ಅದೂ ಬರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತದೆ, ಪಕ್ಕದಲ್ಲೇ ನಿಂತು ನೋಡುತ್ತೇನೆ. ಆಮೇಲೆ ಒರೆಸುತ್ತೇನೆ.

ನಿನ್ನ ಮಗಳ ಟೀಚರ್ ಒಂದನೇ ಕ್ಲಾಸಿನವರಿಗೆಲ್ಲ ‘ನನ್ನ ಕೆಲಸ ನನ್ನದು’ ಎಂಬ ಪಾಠ ಶುರು ಮಾಡಿದ್ದಾರೆ. ಬ್ಯಾಗ್ ತಾವೇ ಜೋಡಿಸಬೇಕು, ಗುಂಡಿ ತಾವೇ ಹಾಕಿಕೊಳ್ಳಬೇಕು, ಮರೆತ ಪೆನ್ಸಿಲನ್ನು ಮನೆಯವರು ತಂದುಕೊಡುವಂತಿಲ್ಲ. ಶಾಲೆಯ ಗೇಟಿನಾಚೆ ಕಾಯುವ ಅಜ್ಜಿಯರಿಗೂ ಪಾಠ: “ಕೈ ಕಟ್ಕೊಂಡು ನಿಂತ್ಕೊಳ್ಳಿ, ಅವರೇ ಮಾಡ್ಲಿ.” ಈ ವಯಸ್ಸಿನಲ್ಲಿ ಕೈಕಟ್ಟಿ ನಿಂತೆ. ಮೊದಲ ದಿನ ಅಂಗಿಯ ಒಂದು ಅಂಚು ಮೇಲೆ, ಒಂದು ಕೆಳಗೆ. ಈಗ ಅಂಗಿ ನೆಟ್ಟಗಿದೆ, ತಟ್ಟೆ ತಾನೇ ತೊಳೆಯುತ್ತಾಳೆ, “ಅಜ್ಜಿ, ಮಾತ್ರೆ ತಗೊಂಡ್ಯಾ?” ಎಂದು ನನ್ನನ್ನೇ ಗದರುತ್ತಾಳೆ. ಇಳಿವಯಸ್ಸಿನಲ್ಲಿ ನನಗೊಬ್ಬ ಅತ್ತೆ ಸಿಕ್ಕಂತಾಯಿತು.

ಇದನ್ನೆಲ್ಲ ಹಿಂದೆ ಬರೆದಾಗ, ‘ಅವಳು ಎಲ್ಲ ಕಲಿತಳಲ್ಲ, ಇನ್ನು ನಾನು ಬಂದು ಮಾಡುವುದೇನಿದೆ’ ಎಂದು ನೀನು ಉತ್ತರ ಕೊಟ್ಟೆ. ಓದಿ ಮಡಚಿಟ್ಟೆ. ಏನೂ ಅನ್ನಿಸಲಿಲ್ಲ.

ಉಳಿದಿರುವುದು ಒಂದೇ ತಕರಾರು, ಉಗುರು. ಪ್ರತಿ ಸೋಮವಾರ ಟೀಚರ್ ಎಲ್ಲರ ಉಗುರು ನೋಡುತ್ತಾರೆ. ಎಡಗೈಯದನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ, ಬಲಗೈ ಮುಟ್ಟಲೂ ಬಿಡಳು. ನೇಲ್ ಕಟರ್ ಕಂಡರೆ ಸಾಕು, ಕೈ ಬೆನ್ನ ಹಿಂದೆ. ಮೊನ್ನೆ ನಿದ್ದೆಯಲ್ಲಿ ಕೆನ್ನೆಯನ್ನೇ ಗೀರಿಕೊಂಡಳು. ಹಟಮಾರಿ ಎಂದುಕೊಂಡು ಸುಮ್ಮನಾದೆ.

ಅಣ್ಣ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ,
ನಿನ್ನ ಅತ್ತೆ

ಮತ್ತೆ: ಕಾಗದ ಮಡಚುವ ಮೊದಲು ಇದಿಷ್ಟು. ಟೀಚರ್ ಇವತ್ತು ಅವಳನ್ನು ಪಕ್ಕಕ್ಕೆ ಕರೆದು, ಬಲಗೈ ಯಾಕೆ ಹೀಗೆ ಎಂದು ಕೇಳಿದರಂತೆ. “ಈ ಕೈ ಅಮ್ಮಂಗೆ ಅಂತ ಇಟ್ಟಿದೀನಿ. ಎಲ್ಲಾ ನಾನೇ ಮಾಡ್ಕೊಂಡ್ರೆ ಅಮ್ಮ ಯಾಕೆ ಬರ್ತಾಳೆ?” ಎಂದಳಂತೆ. ಮನೆಗೆ ಬಂದವಳು, ನೀನು ಈ ವಾರ ಬರುತ್ತೀಯಾ ಎಂದು ಕೇಳಿದಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಹೋಗಿ ಕುಳಿತು, ಎಡಗೈಯಲ್ಲಿ ಕಟರ್ ಹಿಡಿದು ಬಲಗೈಯ ಹೆಬ್ಬೆರಳಿನದನ್ನು ಕತ್ತರಿಸಿಕೊಂಡಳು. ಅಷ್ಟಕ್ಕೇ ಅವಳ ಕೈಯಿಂದ ಅದನ್ನು ಕಿತ್ತುಕೊಂಡೆ. ಕಟರನ್ನು ಇದೇ ಲಕೋಟೆಯಲ್ಲಿ ಹಾಕುತ್ತಿದ್ದೇನೆ. ಮನೆಯಲ್ಲಿ ಬೇರೆ ಇಲ್ಲ. ನೀನೇ ತಗೊಂಡು ಬಾ.