ಕಾರಿಗೆ ಕೊಟ್ಟ ತೀರ್ಪು

ಶ್ರೀ ಗುರುವೇ ಗತಿ

ಬನಶಂಕರಿ ಎರಡನೆಯ ಹಂತ, ಬೆಂಗಳೂರು
12 ಫೆಬ್ರವರಿ 2006, ಭಾನುವಾರ

ಮಗಳು ಅನ್ನಪೂರ್ಣೆಗೆ,

ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನಿನ್ನ ತಂದೆಯು ಬರೆಯುವ ಆಶೀರ್ವಾದ. ಗದಗಿನಲ್ಲಿ ನೀನೂ ಅಳಿಯಂದಿರೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಡಿಸೆಂಬರಿನ ಕಾಗದ ಬಂದು ಎರಡು ತಿಂಗಳಾಯಿತು. ಅದರಲ್ಲಿ ನೀನು ಕೇಳಿದ್ದು ಒಂದೇ ಸಾಲು: ಅವ್ವನ ಕಾಲು ಹೇಗಿದೆ? ಆ ಸಾಲಿಗೆ ಉತ್ತರ ಬರೆಯಲು ನಾನು ಎಂಟು ಬಾರಿ ಕುಳಿತು, ಎಂಟು ಬಾರಿಯೂ ಹವಾಮಾನದ ವಿಚಾರ ಬರೆದು ಹರಿದುಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನು ನಿನ್ನ ಅವ್ವನ ಕೈಯಲ್ಲಿರುತ್ತದೆ, ನಾನು ಪಕ್ಕದಲ್ಲಿ ಕುಳಿತು ತಲೆಯಾಡಿಸುವವನು. ಈ ವಿಳಂಬವನ್ನು ಮನ್ನಿಸು.

ಉತ್ತರಕ್ಕೆ ಬರುವ ಮುನ್ನ ಒಂದು ಕಾರಿನ ಕಥೆಯನ್ನು ಹೇಳಬೇಕಾಗಿದೆ. ನಿನಗೆ ನಗು ಬರಬಹುದು. ಎಪ್ಪತ್ತಾರು ವರ್ಷದ ಶಾಸ್ತ್ರಿಗೂ ಕಾರಿಗೂ ಏನು ಸಂಬಂಧವೆಂದು ನಿನ್ನ ಅವ್ವನೂ ಮೊದಲು ನಕ್ಕಳು.

ನಮ್ಮ ಕೆಳಮನೆಯಲ್ಲಿ ಬಾಡಿಗೆಗಿರುವ ನರೇಂದ್ರನನ್ನು ನೀನು ಬಲ್ಲೆ, ಜೆ.ಪಿ. ನಗರದಲ್ಲಿ ಮುದ್ರಣಾಲಯ ನಡೆಸುವವನು. ನಮ್ಮ ಬೀದಿಯ ಕೊನೆಯ ಈಶ್ವರನ ಗುಡಿಯ ಜೀರ್ಣೋದ್ಧಾರವು ತೊಂಬತ್ತಾರರಲ್ಲಿ ನನ್ನ ಮೇಲ್ವಿಚಾರಣೆಯಲ್ಲಿ ನಡೆದಾಗ ಬುಟ್ಟಿ ಹೊತ್ತು ಮರಳು ತಂದವರಲ್ಲಿ ಅವನೂ ಒಬ್ಬ. ಅಂದಿನಿಂದ ಅವನಿಗೆ ನನ್ನ ಮಾತೆಂದರೆ ಕಲ್ಲಿನಲ್ಲಿ ಕೆತ್ತಿದಂತೆ. ನಮ್ಮ ಅಂಗಳದಲ್ಲಿ ಅರಿಶಿನ ಬಣ್ಣದ ಎರಡು ಬಾಗಿಲಿನ ದೊಡ್ಡ ಕಾರು ನಿಂತಿರುತ್ತಿತ್ತಲ್ಲ, ಅದು ಅರವತ್ತೆಂಟರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಇಲ್ಲಿ ಕೆಲಸದಲ್ಲಿದ್ದ ಪರದೇಶದ ಅಧಿಕಾರಿಯೊಬ್ಬನು ಸ್ವದೇಶಕ್ಕೆ ಮರಳುವಾಗ ನರೇಂದ್ರನ ತಂದೆಗೆ ಕೊಟ್ಟುಹೋದದ್ದು. ಎಂಟು ಸಿಲಿಂಡರುಗಳ ಎಂಜಿನು. ಇಂಥವುಗಳಿಗೆ ಮಸಲ್ ಕಾರ್ ಎಂದು ಹೆಸರಂತೆ. ಮೈಯ ಕಸುವೇ ಅದರ ಗುಣವೆಂಬ ಅರ್ಥದಲ್ಲಿ. ಅದು ಚಾಲೂ ಆದರೆ ಮೇಲಿನ ನಮ್ಮ ದೇವರ ಕೋಣೆಯ ಗಂಟೆ ತಾನಾಗಿ ಮಿಡಿಯುತ್ತಿತ್ತು. ಆಯುಧಪೂಜೆಗೆ ನಿನ್ನ ಅವ್ವನು ಮೆಟ್ಟಿಲ ಕಟಕಟೆ ಹಿಡಿದು ಕಷ್ಟಪಟ್ಟು ಇಳಿದು ಬಂದು ಅದಕ್ಕೆ ಕುಂಕುಮವಿಡುತ್ತಿದ್ದಳು.

ಡಿಸೆಂಬರಿನಲ್ಲಿ ನರೇಂದ್ರನು ತನ್ನ ತಾಯಿಯನ್ನು ಕೂರಿಸಿಕೊಂಡು ಹೊರವರ್ತುಲ ರಸ್ತೆಯಲ್ಲಿ ಹೋಗುತ್ತಿದ್ದಾಗ, ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದ ಕ್ಷಣಕ್ಕೆ ಕಾರು ಒಂದೇ ಮಗ್ಗುಲಿಗೆ ಎಳೆದು ರಸ್ತೆವಿಭಾಜಕವನ್ನು ಏರಿತು. ಯಾರಿಗೂ ಪೆಟ್ಟಾಗಲಿಲ್ಲ, ಶಿವನ ದಯೆ. ಕೋಣನಕುಂಟೆಯಲ್ಲಿ ಗ್ಯಾರೇಜು ಇಟ್ಟಿರುವ ಬೈರಣ್ಣನು ಕಾರನ್ನು ಎತ್ತಿ ನೋಡಿದಾಗ, ಚಾಸಿ ಎಂದು ಕರೆಯುವ, ಅಡಿಯಲ್ಲಿ ಏಣಿಯಂತೆ ಮಲಗಿರುವ ಉಕ್ಕಿನ ಚೌಕಟ್ಟು ಹಿಂಬದಿಯಲ್ಲಿ ತುಕ್ಕು ತಿಂದು ಹಪ್ಪಳವಾಗಿತ್ತು. ಅಮೆರಿಕದಲ್ಲಿ ಇಂಥ ಹಳೆಯ ಕಾರುಗಳಿಗೆಂದೇ ಹೊಸ ಚಾಸಿಯನ್ನು ಬೇರೆ ತಯಾರಕರು ಮಾಡಿ ಮಾರುತ್ತಾರಂತೆ. ಹೊಸ ಬಗೆಯ ಸ್ಪ್ರಿಂಗು, ಚಕ್ರಕ್ಕೆ ತಟ್ಟೆಯಾಕಾರದ ಬ್ರೇಕು, ಎಲ್ಲವೂ ಅದರ ಜೊತೆಗೆ. ಅದನ್ನು ತರಿಸಬೇಕೋ ಬೇಡವೋ ಎಂಬುದೇ ನರೇಂದ್ರನ ಸಂಕಟ. ಹಳೆಯ ಕಾರುಗಳ ಸಂಘದ ಅವನ ಮಿತ್ರರು ಒಪ್ಪಲಿಲ್ಲ. ಸಂಕ್ರಾಂತಿ ಕಳೆದ ಸೋಮವಾರ ನಮ್ಮನ್ನು ತನ್ನ ವ್ಯಾನಿನಲ್ಲಿ ಗುಡಿಗೆ ಕರೆದೊಯ್ದವನು, ಮರಳುವಾಗ ದಾರಿ ತಿರುಗಿಸಿ ಕೋಣನಕುಂಟೆಗೆ ಕರೆತಂದ. ನಿನ್ನ ಅವ್ವನು ವ್ಯಾನಿನಿಂದ ಇಳಿಯಲಾರದೆ, ಬಾಗಿಲು ತೆರೆದುಕೊಂಡು, ಪ್ರಸಾದದ ಬಾಳೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಯೇ ಕುಳಿತಳು.

“ಸಂಘದವರು ಒಂದೇ ಸಮ ಬೈತಿದಾರೆ ಗುರುಗಳೇ,” ಎಂದ ನರೇಂದ್ರ. “ಒರಿಜಿನಲ್ ಚಾಸಿ ತೆಗೆದ್ರೆ ಅದು ಅಪ್ಪನ ಕಾರೇ ಅಲ್ವಂತೆ. ಬರೀ ವೇಷ ಅಂತೆ. ನೀವು ಏನ್ ಹೇಳ್ತೀರೋ ಹಂಗೆ ಮಾಡ್ತೀನಿ.”

ಬೈರಣ್ಣನು ಕೈಯ ಎಣ್ಣೆಯನ್ನು ಹಳೆಯ ಪಂಚೆಯ ಚೂರಿಗೆ ಒರೆಸುತ್ತ, “ಆ ಸಂಘದೋರು ಕಾರನ್ನ ಲಾರಿ ಮೇಲೆ ಹೇರ್ಕೊಂಡು ಬಂದು ನಿಲ್ಸೋರು ಸಾಮಿ. ಕಾರು ಅವ್ರನ್ನ ಹೊರಲ್ಲ, ಅವ್ರೇ ಕಾರನ್ನ ಹೊರ್ತಾರೆ,” ಎಂದ. ಆಮೇಲೆ ನರೇಂದ್ರನತ್ತ ತಿರುಗಿ, “ನಿಂಗೆ ನಿಲ್ಸಿ ನೋಡಕ್ ಬೇಕಾ ಗುರು, ಅಮ್ಮನ್ನ ಕೂರಿಸ್ಕೊಂಡು ಓಡ್ಸಕ್ ಬೇಕಾ? ಅದ್ ಹೇಳು ಫಸ್ಟು,” ಎಂದ.

ಮಗಳೇ, ಆ ಅಕ್ಷರ ಬಾರದವನ ಪ್ರಶ್ನೆಯಲ್ಲಿ ನಾನು ನಲವತ್ತು ವರ್ಷ ಓದಿದ ಆಗಮದ ಸಾರವಿತ್ತು. ವಸ್ತುಸಂಗ್ರಹಾಲಯದ ವಿಗ್ರಹವನ್ನು ಭಗ್ನವಾಗಿದ್ದಂತೆಯೇ ಕಾಪಾಡುತ್ತಾರೆ. ಅದರ ಬಿರುಕೂ ಅದರ ಚರಿತ್ರೆ. ಪೂಜೆಯಲ್ಲಿರುವ ದೇವರ ನ್ಯಾಯ ಬೇರೆ. ಅದು ನಿತ್ಯ ನೀರು, ಹಾಲು, ಭಾರ, ಸ್ಪರ್ಶಗಳನ್ನು ತಾಳಬೇಕು. ಬೈರಣ್ಣನು ಟಾರ್ಚು ಹಿಡಿದು ತೋರಿಸಿದ. ಕಾರಿನ ಮೇಲುಮೈಯನ್ನು ಸರಪಳಿಯಲ್ಲಿ ಒಂದು ಮೊಳ ಎತ್ತಿದ್ದರು. ಮೈಗೂ ಚೌಕಟ್ಟಿಗೂ ನಡುವೆ ಅಲ್ಲಲ್ಲಿ ರಬ್ಬರಿನ ಮೆತ್ತೆಗಳಿದ್ದವು, ಬಿರಿದು ಪುಡಿಯಾಗಿದ್ದವು. ನನಗೆ ಒಡನೆಯೇ ನೆನಪಾದದ್ದು ಅಷ್ಟಬಂಧ. ಲಿಂಗವನ್ನು ಪೀಠಕ್ಕೆ ಬಂಧಿಸುವ ಆ ಅರಗಿನ ಲೇಪವನ್ನು ಹನ್ನೆರಡು ವರ್ಷಕ್ಕೊಮ್ಮೆ ನಾವು ಕೆದರಿ ತೆಗೆದು ಹೊಸದನ್ನು ತುಂಬುವುದಿಲ್ಲವೇ?

ನಾನು ಆತುರಪಡಲಿಲ್ಲ. ಹಳೆಯ ಚೌಕಟ್ಟಿಗೇ ತೇಪೆ ಹಾಕಿ, ಬ್ರೇಕನ್ನೂ ಸ್ಪ್ರಿಂಗನ್ನೂ ಮಾತ್ರ ಬಲಪಡಿಸಿದರೆ ಸಾಲದೇ ಎಂದು ಕೇಳಿದೆ. ಚೌಕಟ್ಟು ಗಟ್ಟಿಯಿದ್ದಿದ್ದರೆ ತಾನೂ ಅಷ್ಟನ್ನೇ ಮಾಡುತ್ತಿದ್ದೆನೆಂದೂ, ಗಟ್ಟಿಯಿರುವ ಚಾಸಿಯನ್ನು ಬರಿಯ ಶೋಕಿಗಾಗಿ ಕಿತ್ತೆಸೆಯುವವರನ್ನು ಕಂಡರೆ ತನಗೂ ಆಗದೆಂದೂ ಅವನು ಹೇಳಿದ. ಈಗ ಮಾತ್ರ ಹೊಸ ಬಿಗಿ ಸ್ಪ್ರಿಂಗು ಹಾಕಿದರೆ ಅದರ ಬಲಕ್ಕೆ ತುಕ್ಕಿನ ಚೌಕಟ್ಟೇ ಸೀಳೀತಂತೆ. “ಎಂಜಿನ್ನು ಇನ್ನೂ ಮೂವತ್ತು ವರ್ಷ ಬಾಳ್ತದೆ ಸಾಮಿ. ಕೆಳಗಿನ್ದು ತಡೀತಿಲ್ಲ, ಅಷ್ಟೇ.”

ಆಗ ನಾನು ತೀರ್ಪು ಕೊಟ್ಟೆ. ನನ್ನ ಧ್ವನಿ ನಿನಗೆ ಗೊತ್ತು. ತೀರ್ಪು ಕೊಡುವಾಗ ಅದು ತಾನಾಗಿ ಏರುತ್ತದೆ. “ಪೂಜೆ ನಡೆಯುವ ಗುಡಿಯಲ್ಲಿ ಪೀಠ ಜೀರ್ಣವಾದರೆ ಪೀಠವನ್ನು ಬದಲಿಸುತ್ತಾರೆ, ನರೇಂದ್ರ. ಅದರಿಂದ ದೇವರಿಗೆ ಕುಂದಿಲ್ಲ. ಒಡೆದ ಪೀಠದ ಮೇಲೆಯೇ ದೇವರು ನಿಲ್ಲಬೇಕೆಂದು ಹಟ ಹಿಡಿಯುವವನಿಗೆ ಪೀಠದ ಮೇಲೆ ಮೋಹ, ದೇವರ ಮೇಲೆ ಭಕ್ತಿಯಿಲ್ಲ.”

ನರೇಂದ್ರ ನನ್ನ ಕಾಲು ಮುಟ್ಟಿದ. ಬೈರಣ್ಣನು, ಈ ಮಾತನ್ನು ಸಂಘದವರಿಗೆ ಬೋರ್ಡು ಬರೆಸಿ ಕೊಡಬೇಕೆಂದ. ನಾನು ಪ್ರಸನ್ನನಾಗಿಯೇ ವ್ಯಾನಿನ ಬಳಿಗೆ ಬಂದೆ. ನಿನ್ನ ಅವ್ವ ನನ್ನ ಮುಖವನ್ನು ನೋಡಲಿಲ್ಲ. ಬಾಳೆಹಣ್ಣಿನ ಸಿಪ್ಪೆಯನ್ನು ಬಹಳ ನಿಧಾನವಾಗಿ ಸುಲಿಯುತ್ತಿದ್ದಳು.

ಮನೆಗೆ ಬಂದು ಮೆಟ್ಟಿಲು ಹತ್ತತೊಡಗಿದೆವು. ಹದಿನೆಂಟು ಮೆಟ್ಟಿಲುಗಳಲ್ಲಿ ಅವಳು ಏಳನೆಯದರಲ್ಲಿ ಕುಳಿತು ಸುಧಾರಿಸಿಕೊಳ್ಳುವುದು ವಾಡಿಕೆ. ಅಂದೂ ಕುಳಿತಳು. ಮಂಡಿಯ ಮೇಲೆ ಕೈಯಿಟ್ಟುಕೊಂಡು, ಬೀದಿಯತ್ತ ನೋಡುತ್ತ, ಸಿಟ್ಟಿಲ್ಲದ ಧ್ವನಿಯಲ್ಲಿ ಕೇಳಿದಳು: “ಕಾರಿನ ಪೀಠದ್ದೇನೋ ಆತು. ನನ್ನ ಪೀಠದ್ದು ಯಾವಾಗ್ರೀ?”

ನಾನು ಒಂದು ಮೆಟ್ಟಿಲು ಕೆಳಗೆ ಕುಳಿತೆ.

ತೊಂಬತ್ತೊಂಬತ್ತರ ಬೇಸಗೆ ನಿನಗೆ ನೆನಪಿದೆ, ಮರೆಯಲು ಸಾಧ್ಯವಿಲ್ಲ. ನೀನು ರಜೆಗೆ ಬಂದಾಗ ಅವ್ವನನ್ನು ಜಯನಗರದ ಮೂಳೆ ವೈದ್ಯರಿಗೆ ತೋರಿಸಿ, ಎರಡು ಮಂಡಿಗಳಿಗೂ ಲೋಹದ ಕೀಲು ಹಾಕಿಸಬೇಕೆಂಬ ಚೀಟಿಯನ್ನು ತಂದು ನನ್ನ ಮುಂದಿಟ್ಟೆ. ಶರಣರ ದೇಹವೇ ಲಿಂಗದ ಪೀಠವೆಂದೂ, ಅದಕ್ಕೆ ಅನ್ಯಲೋಹ ಸೇರಿದರೆ ಅದು ಪೂಜೆಗೆ ಅರ್ಹವಲ್ಲವೆಂದೂ ನಾನು ಹೇಳಿದೆ. ಪ್ರಮಾಣಕ್ಕೆ ಒಂದು ಶ್ಲೋಕವನ್ನೂ ಹೇಳಿದೆ. ನೀನು ಅತ್ತು ಜಗಳವಾಡಿದೆ. ನಿನ್ನ ಅವ್ವನು ಚೀಟಿಯನ್ನು ಮಡಚಿ ಅಕ್ಕಿಯ ಡಬ್ಬದ ಕೆಳಗಿಟ್ಟಳು. ಅಂದಿನಿಂದ ನೀನು ಬಂದುಹೋಗುತ್ತಿದ್ದೀ, ನಗುತ್ತಿದ್ದೀ, ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಏಳು ವರ್ಷಗಳಲ್ಲಿ ಮೊದಲ ಸಲ, ಈ ಡಿಸೆಂಬರಿನಲ್ಲಿ, ಒಂದು ಸಾಲು ಬರೆದೆ.

ಮರುದಿನ ಬೆಳಿಗ್ಗೆ ಅಕ್ಕಿಯ ಡಬ್ಬವನ್ನು ನಾನೇ ಸರಿಸಿ ಆ ಚೀಟಿಯನ್ನು ತೆಗೆದೆ. ಅದೇ ವೈದ್ಯರು ಇನ್ನೂ ನಾಲ್ಕನೆಯ ಬ್ಲಾಕಿನಲ್ಲಿಯೇ ಇದ್ದಾರೆ, ತಲೆ ನರೆತಿದೆ. ಅವರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಆವಾಗಲೇ ಬಂದಿದ್ದರೆ ಎರಡೂ ಕಾಲು ನೆಟ್ಟಗಾಗುತ್ತಿದ್ದವು ಎಂದರು. ಬಲಗಾಲಿಗೆ ಭರವಸೆಯಿದೆ. ಎಡಗಾಲು ಬಾಗಿದಲ್ಲಿಯೇ ಬಲಿತುಹೋಗಿದೆ. ನೋವು ಇಳಿಯಬಹುದು, ಪೂರ್ತಿ ನೆಟ್ಟಗಾಗುವ ಮಾತನ್ನು ತಾವು ಕೊಡಲಾರೆವೆಂದರು. ಇಷ್ಟು ವರ್ಷ ಏಕೆ ತಡ ಮಾಡಿದಿರೆಂದು ಅವರು ನಿನ್ನ ಅವ್ವನನ್ನು ಕೇಳಿದರು. “ಪುರುಸೊತ್ತು ಆಗ್ಲಿಲ್ರಿ ಡಾಕ್ಟ್ರ,” ಎಂದಳು ಅವಳು.

ಶಿವರಾತ್ರಿ ಕಳೆದ ಗುರುವಾರ, ಮಾರ್ಚ್ ಎರಡರಂದು, ಬಲಮಂಡಿಯ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದೆ. ಹೃದಯ, ರಕ್ತ, ಸಕ್ಕರೆ ಎಲ್ಲವೂ ಸರಿಯಾಗಿವೆಯಂತೆ; ಬೈರಣ್ಣನ ಮಾತಿನಲ್ಲಿ ಹೇಳುವುದಾದರೆ ಎಂಜಿನ್ನು ಗಟ್ಟಿಯಿದೆ. ನೀನು ಶಾಲೆಗೆ ಹತ್ತು ದಿನ ರಜೆ ಹಾಕಿ ಬುಧವಾರದೊಳಗೆ ಬಂದುಬಿಡು. ಒಳಗೆ ಕರೆದೊಯ್ಯುವಾಗ ಅವಳ ಕೈಯನ್ನು ನೀನು ಹಿಡಿದಿರಬೇಕೆಂದು ನನ್ನ ಪ್ರಾರ್ಥನೆ. ಅವಳ ಇಷ್ಟಲಿಂಗವನ್ನು ಅವಳು ಹೊರಗೆ ಬರುವವರೆಗೆ ನನ್ನ ಲಿಂಗದ ಕರಡಿಗೆಯ ಜೊತೆಗೆ ನಾನು ಧರಿಸಿರುತ್ತೇನೆ.

ನರೇಂದ್ರನ ಚಾಸಿ ಹಡಗಿನಲ್ಲಿ ಹೊರಟಿದೆ, ತಿಂಗಳ ಕೊನೆಗೆ ಮದರಾಸಿನ ಬಂದರಿಗೆ ಬರುತ್ತದಂತೆ. ಹಳೆಯದರಲ್ಲಿ ಸಂಖ್ಯೆ ಕೆತ್ತಿದ ತುಂಡನ್ನು ಮಾತ್ರ ಕತ್ತರಿಸಿ, ಸಾರಿಗೆ ಕಚೇರಿಯ ಅಪ್ಪಣೆಗೆಂದು ಜೋಪಾನವಾಗಿ ಇಟ್ಟಿದ್ದಾನೆ. ಸಂಘದ ಇಬ್ಬರು ಮಿತ್ರರು ಅವನೊಡನೆ ಮಾತು ಬಿಟ್ಟಿದ್ದಾರೆ. ಯುಗಾದಿಯಂದು ನಿನ್ನ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕನಕಪುರ ರಸ್ತೆಯಲ್ಲಿ ತಿರುಗಿಸುತ್ತೇನೆಂದು ಹೇಳಿದ್ದಾನೆ. ನನಗೆ ಹಿಂದಿನ ಸೀಟು.

ಮಕ್ಕಳಿಗೆ ನನ್ನ ಮುತ್ತುಗಳು, ಅಳಿಯಂದಿರಿಗೆ ಶುಭಾಶಯಗಳು. ನಿನ್ನ ಮನೆಯ ದೀಪ ಸ್ಥಿರವಾಗಿ ಉರಿಯಲಿ, ನಿನ್ನ ಕಾಲಿಗೆ ದಾರಿ ಸದಾ ಮೃದುವಾಗಿರಲಿ.

ನಿನ್ನ ತಂದೆ,
ಗುರುಸಿದ್ದ ಶಾಸ್ತ್ರಿ

ಮರೆತ ಮಾತು: ಮರೆತದ್ದೆಂದು ಬರೆದೆನಾದರೂ ಮರೆತಿಲ್ಲ. ಅಂದು ನಾನು ಹೇಳಿದ ಶ್ಲೋಕಕ್ಕೂ ದೇಹಕ್ಕೂ ಸಂಬಂಧವಿಲ್ಲ. ಅದು ಗುಡಿಯ ಬಾಗಿಲಿನ ಎತ್ತರ ಅಗಲಗಳ ಅಳತೆಯನ್ನು ಹೇಳುವ ಶ್ಲೋಕ. ದೇಹಕ್ಕೆ ಲೋಹ ನಿಷಿದ್ಧವೆಂದು ನಾನು ಓದಿದ ಯಾವ ಗ್ರಂಥದಲ್ಲಿಯೂ ಇಲ್ಲ. ಮನೆಯಲ್ಲಿ ಸಂಸ್ಕೃತ ಬಲ್ಲವರು ಬೇರಾರೂ ಇರಲಿಲ್ಲವಾದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿದೆ. ನನ್ನ ತಾಯಿಯನ್ನು ಐವತ್ತೆಂಟರಲ್ಲಿ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದವರು ಅವಳ ಬಳೆಗಳನ್ನು ನನ್ನ ಕೈಗೆ ಕೊಟ್ಟರು. ಅವಳು ಹೊರಗೆ ಬರಲಿಲ್ಲ. ನಿನ್ನ ಚೀಟಿಯನ್ನು ಕಂಡಾಗ ನನ್ನ ಕೈಯಲ್ಲಿ ಆ ಬಳೆಗಳಿದ್ದವು.

ಇದನ್ನು ನಿನ್ನೆ ನಿನ್ನ ಅವ್ವನಿಗೆ ಹೇಳಿ ಕ್ಷಮೆ ಕೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತ್ರಿ. ಗುಡಿ ಬಾಗಿಲಾ ಮಾಡೂ ಬಡಿಗ್ಯಾರಿಗೆ ದಿನಾ ಅದನ್ನ ಹೇಳತಿದ್ರಿ. ಚಹಾ ಕೊಡಾಕ ಬಂದಾಗೆಲ್ಲಾ ಕೇಳೀನಿ, ಬಾಯಿಪಾಠ ಆಗೇತಿ.” ಹಾಗಿದ್ದರೆ ಅಂದೇ ಏಕೆ ಹೇಳಲಿಲ್ಲವೆಂದು ಕೇಳಿದೆ. “ನೀವು ಅಂಜಿದ್ರಿ. ಮಗಳ ಮುಂದ ನಿಮ್ಮ ಮಾರಿ ಸಣ್ಣದು ಮಾಡೂದಕಿಂತ ಕಾಲಿನ ನೋವ ಹಗರ ಅನ್ನಿಸ್ತು,” ಎಂದಳು.

ಏಳು ವರ್ಷ, ದಿನಕ್ಕೆ ಹದಿನೆಂಟು ಮೆಟ್ಟಿಲಿನ ಲೆಕ್ಕವನ್ನು ನಾನು ಹಾಕಲಾರೆ. ನೀನು ಬಂದ ದಿನ ಅವಳ ಎದುರಿನಲ್ಲಿಯೇ ಆ ಶ್ಲೋಕದ ಅರ್ಥವನ್ನು ನನ್ನನ್ನು ಕೇಳು. ಪದಪದವಾಗಿ ಬಿಡಿಸಿ ಹೇಳುತ್ತೇನೆ.