ಅರ್ಧ ನೆರಳಿನ ಮುಖ

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಒಂದು ಹಳೆಯ ಕಪ್ಪು-ಬಿಳುಪು ಹಾಲಿವುಡ್ ಕ್ರೈಮ್ ಚಿತ್ರಕ್ಕೆ ಹೋಗಿದ್ದೆ, ಅರೋರಾದ ಥಿಯೇಟರಿಗೆ, ನಿಮ್ಮ ಮೊಮ್ಮಗಳು ಇಳಾಳ ಜೊತೆ. ಕ್ಯಾಮೆರಾಮನ್ ಯಾರ ಮುಖವನ್ನು ಅರ್ಧ ನೆರಳಲ್ಲಿ ಇಡುತ್ತಾನೋ ಅವರೇ ಕೊಲೆಗಾರರು ಎನ್ನುತ್ತಿದ್ದಿರಲ್ಲ, ಆ ಲೆಕ್ಕ ಇವತ್ತೂ ತಪ್ಪಲಿಲ್ಲ. ಈ ಅಮೆರಿಕದಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂಬ ಧೈರ್ಯದಲ್ಲಿ, ಥೇಟ್ ನಿಮ್ಮ ಹಾಗೆ, ಅರ್ಧ ಚಿತ್ರದಲ್ಲೇ ಗಟ್ಟಿಯಾಗಿ ಹೇಳಿಬಿಟ್ಟೆ: “ಗಂಡನ್ನ ಕೊಂದಿದ್ದು ಅವಳೇ ಕಣೇ, ನೋಡ್ತಿರು!”

ಮುಂದಿನ ಸಾಲಿನ ಆಂಟಿಯೊಬ್ಬರು ಸರ್ರನೆ ತಿರುಗಿದರು. “ಅಯ್ಯೋ, ಹೇಳ್ಬಿಟ್ರಲ್ರೀ! ಪ್ಲೇನ್‌ಫೀಲ್ಡಿಂದ ಡ್ರೈವ್ ಮಾಡ್ಕೊಂಡು ಬಂದಿದೀನಿ!”

ಇಳಾ ಬಾಯಿಗೆ ಸ್ಕಾರ್ಫ್ ಒತ್ತಿಕೊಂಡು ನಕ್ಕಳು.

“ಸಾರಿ ಆಂಟಿ, ನಮ್ಮಪ್ಪನಿಂದ ಬಂದ ಚಾಳಿ,” ಎಂದೆ.

“ಹಾಗಾದ್ರೆ ಮುಂದಿನ ವಾರ ಅವರನ್ನೂ ಕರ್ಕೊಂಡ್ ಬನ್ನಿ. ಬಾಯಿ ತುಂಬ ಪಾಪ್‌ಕಾರ್ನ್ ತುರುಕಿ ಕೂರಿಸೋಣ!”

ಆಗಲಿ ಆಂಟಿ ಎಂದುಬಿಟ್ಟೆ, ಅಪ್ಪಾ.